ವೈದ್ಯರಿಗೆ ಹೇಳದ ಮಾತ್ರೆ

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಹೊರದೇಶದಲ್ಲಿದ್ದೆ. ವಾರಕ್ಕೆರಡು ಸಲ ವಿಡಿಯೊ ಕರೆ ಮಾಡುವುದಷ್ಟೇ ನನ್ನ ಕೈಲಿದ್ದದ್ದು. ಮೂರನೆಯ ಕೀಮೊ ಮುಗಿದ ವಾರ, ಮಾತಿನ ನಡುವೆ ಅವರು ದಿಂಬಿನ ಪಕ್ಕದಿಂದ ಒಂದು ಡಬ್ಬಿ ತೆಗೆದು ತೋರಿಸಿದರು. "ಹಿಂಬದಿ ತೋರಿಸಿ ಚಿಕ್ಕಮ್ಮ" ಎಂದೆ. ಸಣ್ಣ ಅಕ್ಷರ, ಅದುರುವ ಕೈ. ಮೂರು ಸಲ ಹಿಡಿದ ಮೇಲೆ ಓದಲು ಸಿಕ್ಕಿತು. ಒಂದು ಮಾತ್ರೆಯಲ್ಲಿ ಅರಿಸಿನದಿಂದ ತೆಗೆದ ಕರ್ಕ್ಯುಮಿನ್ 500 ಮಿಲಿಗ್ರಾಂ, ಕಾಳುಮೆಣಸಿನಿಂದ ತೆಗೆದ ಪೈಪರಿನ್ 5 ಮಿಲಿಗ್ರಾಂ, ದಿನಕ್ಕೆ ಎರಡು.

"ವೈದ್ಯರಿಗೆ ಹೇಳಿದ್ದೀರಾ?"

"ಅರಿಸಿನ ತಿನ್ನುವುದನ್ನೂ ವೈದ್ಯರಿಗೆ ಹೇಳಬೇಕೇನೋ? ಹೇಳಿದರೆ ಬೈಯುತ್ತಾರೆ ಅಷ್ಟೆ."

ಅದೇ ತಿಂಗಳು ಇಲ್ಲಿ ನನ್ನ ಪಕ್ಕದ ಮನೆಯವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರದು ರಕ್ತದ ಕ್ಯಾನ್ಸರ್. ಮನೆಯಲ್ಲಿ ನುಂಗುವುದನ್ನೆಲ್ಲ ತನ್ನಿ ಎಂದು ಮೊದಲೇ ಹೇಳಿದ್ದರಂತೆ. ಒಂದು ಚೀಲ ತುಂಬ ಡಬ್ಬಿಗಳಿದ್ದವು. ಔಷಧ ವಿಭಾಗದ ಹುಡುಗಿ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಹೆಸರು ಬರೆದುಕೊಂಡು, ಗ್ರೀನ್ ಟೀ ಸಾರದ ಡಬ್ಬಿಯನ್ನು ಮಾತ್ರ ಬೇರೆ ಇಟ್ಟಳು. ಅವರಿಗೆ ಕೊಡುತ್ತಿದ್ದದ್ದು ಬೋರ್ಟೆಜೊಮಿಬ್ ಎಂಬ ಔಷಧ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಸಂಯುಕ್ತ ಆ ಔಷಧಕ್ಕೇ ಅಂಟಿಕೊಂಡು ಅದರ ಕೆಲಸವನ್ನು ಕೆಡಿಸುತ್ತದೆ ಎಂದು ಕೋಶಗಳ ಮೇಲೂ ಇಲಿಗಳ ಮೇಲೂ ನಡೆದ ಪ್ರಯೋಗಗಳು 2009ರಲ್ಲೇ ತೋರಿಸಿವೆ. ಅವಳು ಗದರಲಿಲ್ಲ, ನಗಲಿಲ್ಲ. "ಚಿಕಿತ್ಸೆ ಮುಗಿಯುವವರೆಗೆ ಇದು ಬೇಡ" ಎಂದಳು, ಅಷ್ಟೆ. ಐದು ನಿಮಿಷದ ಕೆಲಸ. ಮನೆಗೆ ಬರುವಾಗ ದಾರಿಯುದ್ದಕ್ಕೂ ಚಿಕ್ಕಮ್ಮನ ಆ ಡಬ್ಬಿಯೇ ಕಣ್ಣ ಮುಂದಿತ್ತು.

ಇಲ್ಲಿಯವರು ನಮಗಿಂತ ಜಾಣರು ಎಂದು ನಾನು ಹೇಳುತ್ತಿಲ್ಲ. ಗಿಡಮೂಲದ್ದು ಎಂದರೆ ಕಣ್ಣುಮುಚ್ಚಿ ನಂಬುವುದು ಎರಡೂ ಕಡೆ ಒಂದೇ. ತರಕಾರಿ ತಿನ್ನಲು ಬೇಸರಪಟ್ಟು ಅದರ ಸಾರವನ್ನು ಡಬ್ಬಿಯಲ್ಲಿ ಕೊಳ್ಳುವವರನ್ನು ಇಲ್ಲಿ ದಿನವೂ ನೋಡುತ್ತೇನೆ. ವ್ಯತ್ಯಾಸ ಇರುವುದು ಕೇಳುವುದರಲ್ಲಿ. ಇಲ್ಲಿ ಯಾರೋ ಒಬ್ಬರು ಕೂತು ಕೇಳಿದರು, ರೋಗಿ ಹೇಳಿದರು. ನಮ್ಮವರಲ್ಲಿ ಕೇಳುವವರೂ ಇರಲಿಲ್ಲ, ಹೇಳಲು ಧೈರ್ಯವೂ ಇರಲಿಲ್ಲ.

ಚಿಕ್ಕಮ್ಮನ ಲೆಕ್ಕದಲ್ಲಿ ಅದು ಅರಿಸಿನ. ಆದರೆ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಸುಮಾರು ಶೇ. 3 ಮಾತ್ರ. 500 ಮಿಲಿಗ್ರಾಂ ಬೇಕೆಂದರೆ 16 ಗ್ರಾಮಿಗೂ ಹೆಚ್ಚು ಪುಡಿ ತಿನ್ನಬೇಕು, ದಿನಕ್ಕೆರಡು ಸಲ. ಯಾವ ಅಡುಗೆಯಲ್ಲೂ ಅಷ್ಟು ಬೀಳುವುದಿಲ್ಲ. ತಿಂದರೂ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದ ಪ್ರಮಾಣ ಮೈಯೊಳಗೆ ಸಿಗುವುದೇ ಇಲ್ಲ. ಅದಕ್ಕೆಂದೇ ಮೆಣಸಿನ ಪೈಪರಿನ್ ಬೆರೆಸುತ್ತಾರೆ. ಅದು ಹೀರುವಿಕೆಯನ್ನು ಹೆಚ್ಚಿಸುವುದು ಹೇಗೆಂದರೆ, ಹೊರಗಿನಿಂದ ಬಂದ ವಸ್ತುಗಳನ್ನು ಕರುಳು ಮತ್ತು ಯಕೃತ್ತಿನಲ್ಲಿ ವಿಲೇವಾರಿ ಮಾಡುವ ಕಿಣ್ವಗಳನ್ನು ತಡೆಯುವ ಮೂಲಕ. ಕೀಮೊ ಔಷಧಗಳಲ್ಲಿ ಹಲವನ್ನು ಮೈಯಿಂದ ಹೊರಹಾಕುವುದೂ ಅಂಥ ಕಿಣ್ವಗಳೇ. ಅಡುಗೆಯ ಚಿಟಿಕೆಯ ಬಗ್ಗೆ ನನಗೆ ಯಾವ ಆತಂಕವೂ ಇಲ್ಲ. ಡಬ್ಬಿಯೊಳಗೆ ಹೋದ ಮೇಲೆ ಅದು ಊಟವಲ್ಲ, ಮದ್ದು. ಮದ್ದು ಎಂದಮೇಲೆ ಅಳತೆ ಬೇಕು, ವೈದ್ಯರಿಗೆ ತಿಳಿದಿರಬೇಕು.

ಇದನ್ನು ಜಗತ್ತು ಕಷ್ಟಪಟ್ಟೇ ಕಲಿತಿದೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಾಗ, ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಇದಕ್ಕೆ ಕಾರಣವಿರಬೇಕು ಎಂದುಕೊಂಡರು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಆರಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಮಾತ್ರೆಯಾಗಿ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅಮೆರಿಕದಲ್ಲಿ ಅದರ ಜೊತೆ ವಿಟಮಿನ್ ಎ ಕೂಡ ಕೊಟ್ಟು ನಡೆಸುತ್ತಿದ್ದ ಪ್ರಯೋಗದಲ್ಲಿ ಏರಿಕೆ ಶೇ. 28. ಅದನ್ನು 1996ರ ಜನವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿಂದು ಯಾರಿಗೂ ಹೀಗಾಗಿಲ್ಲ. ಈ ಎರಡು ಪ್ರಯೋಗಗಳ ಕಥೆಯನ್ನು ಮಾತ್ರೆ ಕೊಳ್ಳುವ ಪ್ರತಿಯೊಬ್ಬರಿಗೂ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಗಿಡಗಳಲ್ಲಿ ಕ್ಯಾನ್ಸರ್ ಕೊಲ್ಲುವ ಶಕ್ತಿ ಇಲ್ಲವೆಂದಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಚಿಕ್ಕಮ್ಮನ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುತ್ತಿದ್ದ ಪ್ಯಾಕ್ಲಿಟ್ಯಾಕ್ಸಲ್ ಮೊದಲು ಸಿಕ್ಕಿದ್ದು ಯೂ ಎಂಬ ಮರದ ತೊಗಟೆಯಲ್ಲಿ. 1962ರಲ್ಲಿ ತೊಗಟೆ ಸಂಗ್ರಹಿಸಿದ್ದು. ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ವಿಷವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಮದ್ದು ಮಾಡಲು ಮೂವತ್ತು ವರ್ಷ ಹಿಡಿಯಿತು. ಇದನ್ನು ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಆಗಲೇ ಗಿಡದ ಔಷಧವನ್ನೇ ಕೊಡುತ್ತಿದ್ದಾರೆ ಅನ್ನು" ಎಂದರು.

ಹಾಗೆಂದು ತಟ್ಟೆಯಲ್ಲಿರುವ ಊಟ ನಿರರ್ಥಕವಲ್ಲ. ಸಿಪ್ಪೆ ತೆಗೆಯದ ಇಡೀ ಧಾನ್ಯ, ನಾರಿನಂಶ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅದು ವರ್ಷಗಟ್ಟಲೆ ಉಣ್ಣುವವರ ವಿಷಯ; ಬಂದ ಗಡ್ಡೆಯನ್ನು ಕರಗಿಸುವ ಮಾತಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಳ್ಳಿ ಎಂದು ಬೇಡಿಕೊಂಡೆ. ಒಪ್ಪಿದರು. ವೈದ್ಯರು ಬೈಯಲಿಲ್ಲವಂತೆ, ನಿಲ್ಲಿಸಿ ಎಂದರು, ಬೇರೆ ಏನಾದರೂ ಇದೆಯೇ ಎಂದೂ ಕೇಳಿದರು. ಆ ರಾತ್ರಿ ಚಿಕ್ಕಮ್ಮ ತಮ್ಮ ಕೈಬರಹದ ಒಂದು ಪಟ್ಟಿಯ ಫೋಟೊ ಕಳಿಸಿದರು. ಬಿಪಿ ಮಾತ್ರೆ, ವಾಂತಿಯ ಮಾತ್ರೆ, ಕಬ್ಬಿಣದ ಮಾತ್ರೆ. ಕೊನೆಯ ಸಾಲಿನಲ್ಲಿ "ಅರಿಸಿನ, ಅಡುಗೆಗೆ ಮಾತ್ರ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು.