ಎಂಜಿನ್ ಮೇಲಿನ ದೋಸೆ ಹಿಟ್ಟು

ಟೆಂಪೊ ಟ್ರಾವೆಲರಿನ ಸೀಟು ಕಿತ್ತು ಮಂಚ, ಒಲೆ, ಅಂಗೈಯಗಲದ ಸಿಂಕು ಕೂರಿಸಿದರೆ ಅದೇ ಕ್ಯಾಂಪರ್ ವ್ಯಾನ್. ಅದರಲ್ಲಿ ಚಳಿಗಾಲಕ್ಕೆ ಜೈಸಲ್ಮೇರಿನ ಮರುಭೂಮಿಗೆ ಹೊರಟಿದ್ದೇವೆ ಅಂದಾಗ ಜಯನಗರದ ನಮ್ಮತ್ತೆ, "ಮನೆ ಸಾಮಾನೆಲ್ಲ ಹೊತ್ಕೊಂಡು ಹೋಗೋದಾದ್ರೆ ಮನೇಲೇ ಇರಬಹುದಲ್ಲಪ್ಪಾ?" ಅಂದರು. ಅಂದವರೇ ಎಲ್ಲರಿಗಿಂತ ಮೊದಲು ಹತ್ತಿ ಕೂತರು, ಅಕ್ಕಿ, ಉದ್ದಿನಬೇಳೆ, ಪುಟ್ಟ ಮಿಕ್ಸಿಯ ಸಮೇತ.

ಹುಬ್ಬಳ್ಳಿ, ಬೆಳಗಾವಿ, ಪುಣೆ ಹಾದು ಅಹಮದಾಬಾದಿನವರೆಗೂ ಕರೆದೊಯ್ಯುವ ರಾಷ್ಟ್ರೀಯ ಹೆದ್ದಾರಿ 48ರ ಬಗ್ಗೆ ಹೇಳುವಂಥದ್ದೇನಿಲ್ಲ. ಟೋಲು, ಟೀ, ಮತ್ತೆ ಟೋಲು.

ಜೈಸಲ್ಮೇರಿನಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳ ಹತ್ತಿರ ಹಗಲು ನಮ್ಮೂರಿನಷ್ಟೇ ಹಿತ. ಹೊತ್ತು ಮುಳುಗಿತೋ, ಕತೆಯೇ ಬೇರೆ. ಒಣಗಾಳಿ, ಮೋಡವಿಲ್ಲದ ಆಕಾಶ. ಮರಳು ಹಗಲೆಲ್ಲ ಕುಡಿದ ಬಿಸಿಯನ್ನು ಹಿಡಿದಿಡುವವರೇ ಇಲ್ಲ. ಜನವರಿಯ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಅಲ್ಲಿ ಮಾಮೂಲು. ಬೆಂಗಳೂರಿನಲ್ಲಿ ಅಂಥ ಚಳಿ ಬೇಕೆಂದರೆ ಹಳೇ ದಾಖಲೆ ತೆಗೆಯಬೇಕು: 1884ರ ಜನವರಿಯ 7.8 ಡಿಗ್ರಿಯೇ ನಮ್ಮ ಕನಿಷ್ಠ. ನಾವೋ, 15ಕ್ಕೇ ಮಂಕಿಕ್ಯಾಪ್ ಹುಡುಕುವ ಜನ.

ಈ ಚಳಿ ನಮಗೆ ಮೊದಲು ಗೊತ್ತಾದದ್ದು ಅಡುಗೆಯಲ್ಲಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಯಿತು. ರುಬ್ಬಿಟ್ಟ ಹಿಟ್ಟು ಬೆಳಗಾದರೂ ಹುಳಿ ಬರಲಿಲ್ಲ, ಉಬ್ಬಲಿಲ್ಲ. ಅತ್ತೆ ಡಬ್ಬಿಗೆ ಟವೆಲ್ ಸುತ್ತಿ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕೂರಿಸಿದರು. ಹಳೇ ಬಸ್ಸಿನಲ್ಲಿ ಎಂಜಿನ್ ಮೇಲೆ ಕೂತು ತವರಿಗೆ ಹೋಗಿಬಂದವರಿಗೆ ಮಾತ್ರ ಹೊಳೆಯುವ ಉಪಾಯ. ಮಧ್ಯಾಹ್ನಕ್ಕೆ ಹಿಟ್ಟು ಮುಚ್ಚಳ ಎತ್ತಿತು.

ನೀರಿನ ಲೆಕ್ಕ ಕಷ್ಟವಾಗಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಒಂದು ಚೊಂಬಿನಲ್ಲಿ ಸ್ನಾನ ಮುಗಿಸಲು ಯಾರೂ ಕಲಿಸಬೇಕಿಲ್ಲ. ಪಾತ್ರೆಗೆ ಊರವರ ಉಪಾಯ: ಒಣಮರಳು ಹಾಕಿ ಉಜ್ಜಿ ಒರೆಸಿಬಿಡುವುದು. ತಮಾಷೆಯೆಂದರೆ, ಮಳೆ ಕಾಣದ ಆ ಸೀಮೆಯಲ್ಲಿ ನಮ್ಮ ಮೇಲೆ ನೀರು ಬಿದ್ದದ್ದು ವ್ಯಾನಿನ ಒಳಗೆ. ಚಳಿಗೆ ಹೆದರಿ ಕಿಟಕಿ ಬಿಗಿದು ಮಲಗಿದರೆ, ಎಲ್ಲರ ಉಸಿರಿನ ತೇವ ತಣ್ಣನೆ ತಗಡಿಗೆ ತಗುಲಿ ಬೆಳಗಿನ ಜಾವ ಹಣೆಯ ಮೇಲೆ ತೊಟತೊಟ. ಕಿಟಕಿ ಬೆರಳಗಲ ತೆರೆದರೆ ಮಳೆ ನಿಂತಿತು, ನಡುಕ ಶುರುವಾಯಿತು. ನಡುಕವೇ ವಾಸಿ ಅನ್ನುವುದು ನನ್ನ ಮತ, ಹೆಂಡತಿಯದು ಬೇರೆ.

ರಸ್ತೆ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಖೇಜ್ರಿ. "ಅಯ್ಯೋ, ಇದು ನಮ್ಮ ಬನ್ನಿ ಮರ ಕಣಪ್ಪಾ!" ಎಂದು ಅತ್ತೆ ಗಾಡಿ ನಿಲ್ಲಿಸಿ ಇಳಿದು ಕೈಮುಗಿದರು. ನಾವು ದಸರೆಗಷ್ಟೇ ನೆನೆಯುವ ಮರ ರಾಜಸ್ಥಾನದ ರಾಜ್ಯವೃಕ್ಷ. ಅದರ ಎಳೆಗಾಯಿ ಒಣಗಿಸಿದರೆ ಸಾಂಗ್ರಿ. ಪೇಟೆಯಲ್ಲಿ ಕೊಂಡು, ನೆನೆಸಿ ಬೇಯಿಸಿ, ಸಾಸಿವೆ ಒಗ್ಗರಣೆ ಹಾಕಿದ ಪಲ್ಯ ದೋಸೆಗೆ ಚೆನ್ನಾಗಿಯೇ ಹೊಂದಿತು. ಕಾಯಿತುರಿ ಇದ್ದಿದ್ದರೆ ಇನ್ನೂ ಚೆನ್ನ ಅಂದರು ಅತ್ತೆ, ಮೂರನೇ ದೋಸೆ ಹಾಕಿಸಿಕೊಳ್ಳುತ್ತಾ.