ಕೊಪ್ಪೆ ಹಾಕಿದ ಮನುಷ್ಯನೂ ಕಾರಿನ ಕಣ್ಣಿಗೆ ಬೀಳಬೇಕು

ಎಲೆಕ್ಟ್ರಿಕ್ ಕಾರು ನೋಡೋಕೆ ಹೋದರೆ ಶೋರೂಮಿನಲ್ಲಿ ಈಗ ಮೊದಲು ತೋರಿಸುವುದೇ ಅಡಾಸ್, ಅಂದರೆ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ. ಲೇನ್ ತಪ್ಪಿದರೆ ಸ್ಟೇರಿಂಗ್ ತಾನೇ ತಿರುಗುತ್ತದೆ. ಮುಂದಿನ ಗಾಡಿ ನಿಧಾನವಾದರೆ ಇದೂ ನಿಧಾನವಾಗುತ್ತದೆ. ಯಾರಾದರೂ ಅಡ್ಡ ಬಂದರೆ ಬ್ರೇಕ್ ಹಾಕುತ್ತದೆ. ನಮ್ಮ ಮನೆಗೂ ಅಂಥದ್ದೊಂದು ಕಾರು ಬಂದಿದೆ. ಈ ಮಳೆಗಾಲ ಪೂರ್ತಿ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೊಸನಗರ ಅಂತ ಓಡಿಸಿ, ಒಂದೊಂದನ್ನೂ ಆನ್ ಮಾಡಿ, ಆಫ್ ಮಾಡಿ ನೋಡಿದ್ದೇನೆ. ಇದು ಜೀವ ಉಳಿಸುವ ತಂತ್ರಜ್ಞಾನ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಲೆನಾಡಿನಲ್ಲಿ ಮಾರುವವರು ಮೊದಲು ಮಲೆನಾಡಿನ ರಸ್ತೆಯಲ್ಲಿ, ಇಲ್ಲಿನ ಮಳೆಯಲ್ಲಿ ಪರೀಕ್ಷೆ ಮಾಡಬೇಕು. ಕಾರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಗಿರಾಕಿಗೆ ಬಿಡಿಸಿ ಹೇಳಬೇಕು.

ನಮಗೆ ಟೆಸ್ಟ್ ಡ್ರೈವ್ ಕೊಟ್ಟ ಹುಡುಗ ಬೈಪಾಸಿನಲ್ಲಿ ಸ್ಟೇರಿಂಗ್‌ನಿಂದ ಎರಡೂ ಕೈ ತೆಗೆದು "ನೋಡಿ ಸರ್, ಅದೇ ಹೋಗ್ತದೆ" ಅಂದ. ನಗುತ್ತಾ ಹೇಳಿದ, ಆದರೆ ನನಗೆ ಸಿಟ್ಟು ಬಂತು. ಈ ಕಾರುಗಳೆಲ್ಲ ಲೆವೆಲ್ 2. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅನ್ನೋದಕ್ಕೆ ಸೊನ್ನೆಯಿಂದ 5ರವರೆಗೆ ಮಟ್ಟಗಳಿವೆ. ಎರಡನೇ ಮಟ್ಟ ಅಂದರೆ ಕಾರು ಸಹಾಯ ಮಾಡುತ್ತದೆ ಅಷ್ಟೇ, ಓಡಿಸುವವನು ಮನುಷ್ಯನೇ. ಕಣ್ಣು ರಸ್ತೆ ಮೇಲೆ ಇರಲೇಬೇಕು, ಕೈ ಸ್ಟೇರಿಂಗ್ ಮೇಲೆ ಇರಲೇಬೇಕು. ಮಾರುವವನೇ ಕೈಬಿಟ್ಟು ತೋರಿಸಿದರೆ ಕೊಂಡವನು ಮನೆಗೆ ಹೋಗುವ ದಾರಿಯಲ್ಲಿ ಏನು ಮಾಡ್ತಾನೆ ಹೇಳಿ?

ಲೇನ್ ವಿಷಯ ನೋಡಿ. ಕ್ಯಾಮೆರಾಗೆ ರಸ್ತೆ ಮೇಲಿನ ಬಿಳಿ ಗೆರೆಯೇ ಆಧಾರ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವಾಗ ಗೆರೆ ಚೆನ್ನಾಗಿರುವ ಕಡೆ ಕಾರು ಸೊಗಸಾಗಿ ಹೋಗುತ್ತದೆ. ಒಳರಸ್ತೆಗೆ ತಿರುಗಿದರೆ ಕಥೆಯೇ ಬೇರೆ. ಕಾಡಿನ ನಡುವೆ ಕಿರಿದಾದ ರಸ್ತೆ, ಎದುರಿನಿಂದ ಬಸ್ಸು. ಎಡಗಡೆ ಚಕ್ರ ಡಾಂಬರಿನಿಂದ ಕೆಳಗಿಳಿಸಿ ಜಾಗ ಬಿಡುವುದು ನಮಗೆಲ್ಲ ರೂಢಿ. ಅಂಥ ಒಂದು ಕಡೆ ಅಂಚಿನ ಗೆರೆ ಮಾತ್ರ ಉಳಿದಿತ್ತು. ನಾನು ಎಡಕ್ಕೆ ಇಳಿಸುತ್ತಿದ್ದೇನೆ, ಕಾರು ಲೇನ್ ತಪ್ಪಿತು ಅಂದುಕೊಂಡು ಸ್ಟೇರಿಂಗ್ ಬಲಕ್ಕೆ ಎಳೆಯುತ್ತಿದೆ. ಎಳೆತ ಮೆಲ್ಲಗೇ ಇರುತ್ತದೆ, ಕೈ ಬಿಗಿ ಮಾಡಿದರೆ ಬಿಟ್ಟುಕೊಡುತ್ತದೆ. ಆದರೆ ಹೊಸದಾಗಿ ಕಲಿತವರಿಗೆ ಆ ಒಂದು ಕ್ಷಣದ ಗಲಿಬಿಲಿ ಸಾಕು. ತೀರ್ಥಹಳ್ಳಿ ದಾಟಿದ ಮೇಲೆ ನಾನು ಅದನ್ನು ಆಫ್ ಮಾಡುತ್ತೇನೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ವೇಗವನ್ನು ತಾನೇ ನೋಡಿಕೊಳ್ಳುವ ಕ್ರೂಸ್ ಕಂಟ್ರೋಲ್ ಕೂಡ ಬೇಡವೇ ಬೇಡ. ತಿರುವಿನಲ್ಲಿ ಮುಂದಿನ ಗಾಡಿ ಕಣ್ಮರೆಯಾದರೆ ದಾರಿ ಖಾಲಿ ಅಂತ ತಿಳಿದು ಅದು ವೇಗ ಹೆಚ್ಚಿಸಬಹುದು.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇನ್ನೊಂದು ಪ್ರಶ್ನೆ. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ನಡೆಯುವವರನ್ನು ಇದು ಗುರುತಿಸುತ್ತದಾ? ಸೈಟು ಮಾಡಿ ಹಾಗೇ ಬಿಟ್ಟಿದ್ದ ಒಂದು ಲೇಔಟ್ ಸಿಕ್ಕಿತು. ಸುತ್ತ ಯಾರೂ ಇಲ್ಲ. ಗ್ಯಾರೇಜಿನ ಗೆಳೆಯ ಗದ್ದೆಯಿಂದ ಹುಲ್ಲಿನ ಬೆರ್ಚಪ್ಪನನ್ನು ಹೊತ್ತು ತಂದ. ಹಳೇ ಪ್ಯಾಂಟು, ಶರ್ಟು ತೊಡಿಸಿ ರಸ್ತೆ ಮಧ್ಯೆ ನಿಲ್ಲಿಸಿದೆವು. ಮೂವತ್ತರ ಒಳಗಿನ ವೇಗದಲ್ಲಿ ಹೋದೆ. ಸ್ಕ್ರೀನಿನಲ್ಲಿ ಮನುಷ್ಯನ ಗುರುತು ಬಂತು, ಕೀ ಕೀ ಅಂತ ಕೂಗಿತು, ನಾನು ಬ್ರೇಕ್ ಮುಟ್ಟುವ ಮೊದಲೇ ಕಾರು ಗಕ್ಕನೆ ನಿಂತಿತು. ಇಬ್ಬರಿಗೂ ಖುಷಿಯೋ ಖುಷಿ. ಆಮೇಲೆ ಅದೇ ಬೆರ್ಚಪ್ಪನಿಗೆ, ನಮ್ಮ ಕಡೆ ಮಳೆಗೆ ತಲೆ ಮೇಲಿಂದ ಹಾಕಿಕೊಳ್ಳುವ ಕಂಬಳಿ ಕೊಪ್ಪೆ ಹೊದಿಸಿದೆವು. ತಲೆಯಿಂದ ಮೊಣಕಾಲಿನವರೆಗೆ ಕಪ್ಪು ಕಂಬಳಿ, ಕುತ್ತಿಗೆ ಇಲ್ಲ, ತೋಳಿಲ್ಲ. ಸಂಜೆಗತ್ತಲು, ಜಿಟಿಜಿಟಿ ಮಳೆ. ಈ ಸಲ ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ಬ್ರೇಕ್ ನಾನೇ ಒತ್ತಿದೆ. "ಅಣ್ಣಾ, ಇದಕ್ಕೆ ಮನುಷ್ಯ ಅಂತ ಗೊತ್ತೇ ಆಗ್ಲಿಲ್ಲ" ಅಂದ ಗೆಳೆಯ. ಕಂಬಳಿ ತೆಗೆದು ಪ್ಲಾಸ್ಟಿಕ್ ಕೊಪ್ಪೆ ಹಾಕಿದರೆ ಒಮ್ಮೆ ಗುರುತಿಸಿತು, ಒಮ್ಮೆ ಇಲ್ಲ.

ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ. ಬೇರೆ ಕಾರು ಬೇರೆ ಥರ ನಡೆದುಕೊಳ್ಳಬಹುದು. ಆದರೆ ಕಾರಣ ಊಹಿಸೋದು ಕಷ್ಟವಲ್ಲ. ಕ್ಯಾಮೆರಾದ ಹಿಂದಿನ ಸಾಫ್ಟ್‌ವೇರ್ ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತಿರುತ್ತದೆ. ತಲೆ, ಭುಜ, ಎರಡು ಕಾಲು, ಹೀಗೆ. ಆ ಚಿತ್ರಗಳಲ್ಲಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೊರಟವರು ಎಷ್ಟು ಜನ ಇದ್ದಾರು? ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್‌ನವರು 2016ರಿಂದಲೇ ಪಾದಚಾರಿ ಬೊಂಬೆ ನಿಲ್ಲಿಸಿ ಬ್ರೇಕ್ ಪರೀಕ್ಷೆ ಮಾಡುತ್ತಿದ್ದಾರೆ. ಆಮೇಲೆ ಸೈಕಲ್, ಬೈಕ್, ರಾತ್ರಿಯ ಕತ್ತಲು ಎಲ್ಲ ಸೇರಿಸಿದರು. ನಮ್ಮ ಭಾರತ್ ಎನ್‌ಕ್ಯಾಪ್ 2023ರಲ್ಲಿ ಶುರುವಾಯಿತು. ಅದರ ಸ್ಟಾರ್ ನೋಡಿ ಕಾರು ತಗೊಳ್ಳುವವರು ಜಾಸ್ತಿಯಾಗಿದ್ದಾರೆ, ಒಳ್ಳೆಯದೇ. ಆದರೆ ಆ ಅಂಕಗಳು ಮುಖ್ಯವಾಗಿ ಗುದ್ದಿದ ಮೇಲೆ ಒಳಗೆ ಕೂತವರು ಎಷ್ಟು ಸುರಕ್ಷಿತ ಅನ್ನೋದಕ್ಕೆ. ಹೊರಗೆ ನಡೆಯುವವರ ಲೆಕ್ಕವೂ ಅಷ್ಟೇ ಗಟ್ಟಿಯಾಗಬೇಕು.

ಊರಿಗೆ ತಕ್ಕ ಪರೀಕ್ಷೆ ಆಗದ ಮಾತೇನಲ್ಲ. ವೋಲ್ವೋ ಕಂಪನಿ ಸ್ವೀಡನ್ನಿನ ಮೂಸ್, ಅಂದರೆ ಅಲ್ಲಿನ ದೊಡ್ಡ ಕಡವೆಯಂಥ ಪ್ರಾಣಿಯನ್ನು ಗುರುತಿಸುವುದನ್ನು ಕಾರಿಗೆ ಕಲಿಸಿತ್ತು. ಆಸ್ಟ್ರೇಲಿಯಾದಲ್ಲಿ ಕಾಂಗರೂ ಸಮಸ್ಯೆ ಅಂತ 2015ರಲ್ಲಿ ತಂಡವನ್ನೇ ಅಲ್ಲಿಗೆ ಕಳಿಸಿತು. ಕಾಂಗರೂ ನೆಗೆದಾಗ ಅದು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕೋಕೆ ಕಾರಿಗೆ ಆಗುತ್ತಿಲ್ಲ ಅಂತ 2017ರಲ್ಲಿ ಬಹಿರಂಗವಾಗಿ ಹೇಳಿತು ಕೂಡ. ಹಾಗೆ ಬಾಯಿಬಿಟ್ಟು ಹೇಳಿದ್ದು ನನಗೆ ಇಷ್ಟವಾಯಿತು. ನಮ್ಮ ಮಲೆನಾಡು ಗಿಡ್ಡ ಹಸುಗಳು ನಿಂತರೆ ಸುಮಾರು ಮೂರಡಿ. ರಾತ್ರಿ ರಸ್ತೆ ಮೇಲೆ ಮಲಗಿದ್ದರೆ ಇನ್ನೂ ತಗ್ಗು, ಹೆಚ್ಚಿನವು ಕಪ್ಪು ಬೇರೆ. ಕಾಂಗರೂಗೆ ಸಿಕ್ಕ ಗಮನ ಇವಕ್ಕೂ ಸಿಗಬೇಕಲ್ವಾ?

ಒಳ್ಳೆಯದನ್ನೂ ಹೇಳಬೇಕು. ಸೈಡಿನಲ್ಲಿ ಬೈಕ್ ಬಂದರೆ ಕನ್ನಡಿಯಲ್ಲಿ ದೀಪ ಹತ್ತುವುದು ಶಿವಮೊಗ್ಗ ಪೇಟೆಯೊಳಗೆ ತುಂಬಾ ಉಪಕಾರ. ತೂಕಡಿಸಿದರೆ ಎಚ್ಚರಿಸುವುದಂತೂ ರಾತ್ರಿ ಬೆಂಗಳೂರಿನಿಂದ ಬರುವ ಎಲ್ಲರ ಕಾರಿನಲ್ಲೂ ಇರಬೇಕು. ಘಾಟಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಕಾರನ್ನು ಹಿಡಿದು, ಬ್ಯಾಟರಿಗೂ ಒಂದಿಷ್ಟು ತುಂಬುತ್ತದೆ. ಬ್ಯಾಟರಿ ಫುಲ್ ಇದ್ದರೆ ಮಾತ್ರ ಆ ಹಿಡಿತ ಕಡಿಮೆ, ನೆನಪಿರಲಿ.

ಲೇಔಟಿನಲ್ಲಿ ತೆಗೆದ ವಿಡಿಯೋಗಳನ್ನೆಲ್ಲ ಸೇರಿಸಿ ಕಾರು ಕಂಪನಿಗೆ ಪತ್ರ ಬರೆದಿದ್ದೇನೆ. ಕೇಳಿರುವುದು ಎರಡೇ. ಒಂದು ಮಳೆಗಾಲ ನಿಮ್ಮ ಎಂಜಿನಿಯರುಗಳನ್ನು ಇಲ್ಲಿಗೆ ಕಳಿಸಿ, ಕೊಪ್ಪೆ, ಹಸು, ಗೆರೆ ಇಲ್ಲದ ರಸ್ತೆ ಎಲ್ಲ ನಾವೇ ತೋರಿಸುತ್ತೇವೆ. ಎರಡನೆಯದು, ಯಾವ ಸೌಲಭ್ಯ ಎಲ್ಲಿ ಕೆಲಸ ಮಾಡುವುದಿಲ್ಲ ಅನ್ನೋದನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೀಲಿ ಕೊಡುವಾಗಲೇ ಕೈಗೆ ಕೊಡಿ. ಉತ್ತರ ಬಂದ ದಿನವೇ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಹೊಸ ಕಾರಿನವರೆಲ್ಲ ಮಳೆಯಲ್ಲಿ ರಸ್ತೆ ಬದಿ ಕಪ್ಪಗೆ ಏನು ಕಂಡರೂ ಬ್ರೇಕ್ ಮೇಲೆ ನಿಮ್ಮದೇ ಕಾಲಿಡಿ.