ನೀಲಿಗೆ ಕುರುಡಾದ ಅಳತೆಗೋಲು

ಬಟ್ಟೆ ಬಣ್ಣದ ಕೊಳಚೆ ನೀರು ನೀರಿನ ಬಣ್ಣವನ್ನು ಅಳೆಯುವ ಮಾನದಲ್ಲಿ 150 ಪ್ಲಾಟಿನಂ-ಕೋಬಾಲ್ಟ್ ಯೂನಿಟ್ ದಾಟಬಾರದು ಎಂದು ಕೇಂದ್ರ ಪರಿಸರ ಸಚಿವಾಲಯ 2016ರ ಅಕ್ಟೋಬರಿನಲ್ಲಿ ಅಪ್ಪಣೆ ಹೊರಡಿಸಿತು. ಅಪ್ಪಣೆಯೇನೋ ಸರಿ. ಆದರೆ ಈ ಅಳತೆ ಹುಟ್ಟಿದ್ದು ಎಲೆ ಕೊಳೆತು ಹಳದಿಗಟ್ಟಿದ ನೀರನ್ನು ಅಳೆಯಲಿಕ್ಕೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ 450ರಿಂದ 465 ನ್ಯಾನೋಮೀಟರಿನ ನೀಲಿ ಬೆಳಕು ಹಾಯಿಸಿ ಓದುತ್ತಾರೆ. ಹಳದಿ ಆ ಬೆಳಕನ್ನು ಹೀರಿ ಸಿಕ್ಕಿಬೀಳುತ್ತದೆ. ಟರ್ಕಾಯ್ಸ್ ನೀಲಿ ಹೀರುವುದು 600ರ ಆಚೆಯ, ಕೆಂಪು ಕಡೆಯ ಬೆಳಕನ್ನು, ಹಾಗಾಗಿ ಕಣ್ಣಿಗೆ ಎಷ್ಟೇ ರಾಚಿದರೂ ಮೀಟರಿನ ಮುಂದೆ ಸಾಧುವಾಗಿ ನಿಲ್ಲುತ್ತದೆ. 2017ರಲ್ಲಿ ನವಿ ಮುಂಬೈ ಪಕ್ಕದ ತಳೋಜಾ ಕೈಗಾರಿಕಾ ಪ್ರದೇಶದ ಬೀದಿನಾಯಿಗಳು ಕಾರ್ಖಾನೆಯ ಬಣ್ಣ ಮೆತ್ತಿ ನೀಲಿಯಾದಾಗ ದೇಶವೇ ಬೆಚ್ಚಿತು. ಈ ಮೀಟರಿನಲ್ಲಿ ಅಳೆದಿದ್ದರೆ ಅವೂ ಪಾಸಾಗುತ್ತಿದ್ದವೇನೋ.

ಇನ್ನು ಸಂಸ್ಕರಣೆ. ಜೀನ್ಸಿನ ಇಂಡಿಗೋ ನೀರಿನಲ್ಲಿ ಕರಗದ ಜಾತಿ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಕಲಕಿದರೆ ವಿಧೇಯವಾಗಿ ತಳ ಸೇರುತ್ತದೆ. ತಮಿಳುನಾಡಿನ ತಿರುಪ್ಪೂರಿನ ಹತ್ತಿ ಬನಿಯನ್ನಿಗೆ ಹಾಕುವ, ನೂಲಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಕೆಂಪು ಹಾಗಲ್ಲ. ಬಟ್ಟೆಗೆ ಅಂಟದೆ ಉಳಿದ ಕಾಲು ಪಾಲು ನೀರಿನಲ್ಲಿ ಕರಗಿಯೇ ಇರುತ್ತದೆ, ಸುಣ್ಣಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದರೂ ಬಳ್ಳಾರಿಯ ಜೀನ್ಸ್ ತೊಳೆಯುವವನಿಗೂ ತಿರುಪ್ಪೂರಿನವನಿಗೂ ಕನ್ಸಲ್ಟೆಂಟ್ ಬರೆದುಕೊಡುವುದು ಒಂದೇ ನಕ್ಷೆ, ಒಂದೇ ತೊಟ್ಟಿ. ಬಣ್ಣ ಇಳಿಯದಿದ್ದರೆ ಇನ್ನಷ್ಟು ಸುಣ್ಣ. ಆಗ ಖಂಡಿತ ಒಂದು ಹೆಚ್ಚುತ್ತದೆ: ಕೆಸರು. ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿರುವುದರಿಂದ ಗೋಣಿಚೀಲ ತುಂಬಿ ಹಿತ್ತಲಲ್ಲಿ ಗೌರವದಿಂದ ಪೇರಿಸಲಾಗುತ್ತದೆ.

ತಪಾಸಣೆ ನಾಳೆಯೇ ಇದ್ದರೆ ಬ್ಲೀಚ್ ಇದೆ. ಹೈಪೋಕ್ಲೋರೈಟ್ ಬಿದ್ದೊಡನೆ ಅಜೋ ಎಂಬ ಜಾತಿಯ ಬಣ್ಣಕ್ಕೆ ರಂಗು ಕೊಡುವ ಎರಡು ನೈಟ್ರೋಜನ್‌ಗಳ ಕೊಂಡಿ ಮುರಿದು ನೀರು ತಿಳಿಯಾಗುತ್ತದೆ. ಮುರಿದ ತುಂಡುಗಳು ಅಲ್ಲೇ ಇರುತ್ತವೆ, ಕೆಲವಕ್ಕೆ ಕ್ಲೋರಿನ್ ಕೂಡ ಅಂಟಿರುತ್ತದೆ. ನೀರಿನ ಕೊಳೆಯನ್ನು ಅಳೆಯುವ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಅಷ್ಟೇನೂ ಇಳಿಯುವುದಿಲ್ಲ. ಆದರೆ ಫೋಟೋ ಚೆನ್ನಾಗಿ ಬರುತ್ತದೆ. ಉಳಿದ ಕ್ಲೋರಿನ್ನನ್ನು ಬೈಸಲ್ಫೈಟ್ ಹಾಕಿ ಕೊಲ್ಲಲು ಮರೆತರೆ ಮುಂದೆ ನೀರಿನಿಂದ ಉಪ್ಪು ಸೋಸುವ ಆರ್‌ಒ ಪೊರೆಯ ಪಾಲಿಅಮೈಡ್ ಪ್ಲಾಸ್ಟಿಕ್ ತೂತುಬೀಳುತ್ತದೆ. ಲಕ್ಷಗಟ್ಟಲೆ ಬೆಲೆಯ ಪೊರೆ ಹಾಳಾಗುವುದು ಕೊಳಚೆಯಿಂದಲ್ಲ, ಕೊಳಚೆ ಮುಚ್ಚಿಡಲು ಸುರಿದ ಔಷಧದಿಂದ.

ಬಣ್ಣದ ಗದ್ದಲದಲ್ಲಿ ಉಪ್ಪನ್ನು ಯಾರೂ ಕೇಳುವುದಿಲ್ಲ. ಬಣ್ಣವನ್ನು ನೀರಿನಿಂದ ಬಟ್ಟೆಯತ್ತ ತಳ್ಳುವುದು ಉಪ್ಪೇ. ಗಾಢ ಬಣ್ಣಕ್ಕೆ ಲೀಟರಿಗೆ 70 ಗ್ರಾಂ ಉಪ್ಪು, ಒಂದು ಕಿಲೋ ಬಟ್ಟೆಗೆ 8 ಲೀಟರ್ ದ್ರಾವಣ. ಅಂದರೆ ಕಿಲೋ ಬಟ್ಟೆಗೆ 560 ಗ್ರಾಂ ಉಪ್ಪು. ಬಣ್ಣವಾದರೂ ಮುಕ್ಕಾಲು ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ಪೂರ್ತಿ ಚರಂಡಿಗೆ. ಬ್ಲೀಚ್, ಸುಣ್ಣ, ಓಜೋನ್, ಬ್ಯಾಕ್ಟೀರಿಯಾ ಯಾವುದೂ ಅದನ್ನು ಮುಟ್ಟುವುದಿಲ್ಲ. ಕರಗಿದ ಲವಣಕ್ಕೆ ಲೀಟರಿಗೆ 2100 ಮಿಲಿಗ್ರಾಂ ಮಿತಿ ಇದೆಯಲ್ಲ ಎನ್ನುವಿರಾ? ಬೋರ್‌ವೆಲ್ ನೀರೂ ಇದೆ, ಬೆರೆಸಿದರಾಯಿತು.

ತಿರುಪ್ಪೂರಿನ ಮೂಲಕ ಹರಿಯುವ ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು 1992ರಲ್ಲಿ ಸಿದ್ಧವಾಗಿದ್ದು ಹೊಲಗಳಿಗೆ ನೀರುಣಿಸಲು. ಕೆಲವೇ ವರ್ಷಗಳಲ್ಲಿ ಅದು ಡೈಯಿಂಗ್ ಕೊಳಚೆಯ ತೊಟ್ಟಿಯಾಯಿತು, ಕೆಳಗಿನ ರೈತರು ದಮ್ಮಯ್ಯ, ಈ ನೀರು ಬೇಡ ಎಂದರು. ಭಾರತದಲ್ಲಿ ನೀರು ಬಿಡಬೇಡಿ ಎಂದು ಕೆಳಗಿನವರು ಬೇಡಿಕೊಂಡ ಅಪರೂಪದ ಪ್ರಸಂಗ. ಆ ನೊಯ್ಯಲ್ ಹೋಗಿ ಸೇರುವುದು ಕಾವೇರಿಯನ್ನು. ಕಾವೇರಿಯಲ್ಲಿ ಎಷ್ಟು ಟಿಎಂಸಿ ಎಂದು ಎರಡು ರಾಜ್ಯಗಳು ಹನಿಹನಿ ಎಣಿಸುತ್ತವೆ; ಎಷ್ಟು ಕೆಂಪು, ಎಷ್ಟು ನೀಲಿ ಎಂಬುದಕ್ಕೆ ಆ ಜಗಳದಲ್ಲಿ ಜಾಗವಿಲ್ಲ.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿದ ಮೇಲೆ ಹನಿ ಕೊಳಚೆಯೂ ಹೊರಹೋಗಬಾರದೆನ್ನುವ 'ಶೂನ್ಯ ದ್ರವ ವಿಸರ್ಜನೆ' ಗಟ್ಟಿಯಾಗಿ ಬೇರೂರಿತು. ಆರ್‌ಒ ಬಿಟ್ಟ ಉಪ್ಪುನೀರನ್ನು ಹಬೆ ಕೊಟ್ಟು ಕುದಿಸಿ ಒಣಗಿಸುತ್ತಾರೆ. ನಾಲ್ಕು ಹಂತದ ಯಂತ್ರದಲ್ಲೂ ಒಂದು ಟನ್ ನೀರಿಗೆ ಕಾಲು ಟನ್‌ಗಿಂತ ಹೆಚ್ಚು ಹಬೆ ಬೇಕು. ಹಬೆಗೆ ಸೌದೆ ಉರಿಯಬೇಕು, ಹೊಗೆ ದ್ರವವಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ಕೊನೆಗೆ ಉಳಿಯುವುದು ಬಣ್ಣ ಮೆತ್ತಿದ ಮಿಶ್ರ ಉಪ್ಪು. ಅದರಿಂದ ಡೈಯಿಂಗಿಗೆ ಬಳಸುವ ಸೋಡಿಯಂ ಸಲ್ಫೇಟ್ ಲವಣವನ್ನು ಶುದ್ಧವಾಗಿ ಬೇರ್ಪಡಿಸಿದರೆ ಮರುಬಳಕೆ ಉಂಟು. ಮಿಶ್ರಣ ಯಾರಿಗೂ ಬೇಡ. ಹಾಗಾಗಿ ಅದೂ ಚೀಲ ಸೇರಿ, ಟಾರ್ಪಾಲಿನಡಿ ಕೂರುತ್ತದೆ. ಟಾರ್ಪಾಲು ಹರಿದ ವರ್ಷ ಮಳೆ ಅದನ್ನು ಕರಗಿಸಿ ಹಳ್ಳಕ್ಕೆ ಒಯ್ಯಬಹುದು. ಹಳ್ಳಕ್ಕೆ ಬಿಟ್ಟದ್ದು ಮಳೆ, ಘಟಕವಲ್ಲ. ಘಟಕದ ವಿಸರ್ಜನೆ ರಿಜಿಸ್ಟರಿನಲ್ಲಿ ಆ ದಿನವೂ ಶೂನ್ಯವೇ.